ಬಿ.ಎಚ್. ರಸ್ತೆಯ ‘ಸಮಾಜ ಸುಧಾರಣೆ’ ನೋಟ್ಸ್: ಪೆನ್ಸಿಲ್ ಹಿಡಿದೇ ಓದಿ

ತುಮಕೂರಿನ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಎಂ.ಎ. ಇತಿಹಾಸದವರಿಗೆಂದು ಮಾರುವ 19ನೇ ಶತಮಾನದ ಸಮಾಜ ಸುಧಾರಣೆಯ ಕೈಬರಹದ ನೋಟ್ಸ್ ಇದು. 84 ಪುಟ, ಸ್ಪೈರಲ್ ಬೈಂಡಿಂಗ್, 120 ರೂಪಾಯಿ. ಸತಿ, ವಿಧವಾ ವಿವಾಹದ ಭಾಗಗಳು ಚೆನ್ನಾಗಿವೆ. ಎಡವಟ್ಟಾಗಿರುವುದು ಹೆಣ್ಣಿಗೊಂದು ನೀತಿ, ಗಂಡಿಗೊಂದು ನೀತಿ ಎಂಬ ವಾಗ್ವಾದದ ಅಧ್ಯಾಯದಲ್ಲಿ.

1891ರ ಸಮ್ಮತಿ ವಯಸ್ಸಿನ ಕಾಯ್ದೆ ಹುಡುಗಿಯರ ಮದುವೆಯ ವಯಸ್ಸನ್ನು 12ಕ್ಕೆ ಏರಿಸಿತು ಎಂದು ಬರೆದಿದ್ದಾರೆ. ಇದು ಶುದ್ಧ ತಪ್ಪು. 10ರಿಂದ 12ಕ್ಕೆ ಏರಿದ್ದು ಸಂಭೋಗಕ್ಕೆ ಸಮ್ಮತಿಯ ವಯಸ್ಸು, ಅದು ಗಂಡನಿಗೂ ಅನ್ವಯಿಸಿತು. ತಿಲಕರು ಅಷ್ಟು ಜೋರಾಗಿ ವಿರೋಧಿಸಿದ್ದು ಇದನ್ನೇ. ಮದುವೆಗೇ ಕೈ ಹಾಕಿದ್ದು ಮೈಸೂರು ಸಂಸ್ಥಾನದ 1894ರ ಕಾನೂನು: 8 ತುಂಬದ ಹುಡುಗಿಗೆ ಮದುವೆ ಮಾಡುವಂತಿಲ್ಲ, 50 ದಾಟಿದ ಗಂಡಸು 14 ತುಂಬದವಳನ್ನು ಕಟ್ಟಿಕೊಳ್ಳುವಂತಿಲ್ಲ. ತುಮಕೂರು ಆಗ ಮೈಸೂರಿನದೇ ಜಿಲ್ಲೆ. ನಮ್ಮೂರಿಗೇ ಅನ್ವಯಿಸಿದ ಕಾನೂನಿನ ಬಗ್ಗೆ ಒಂದು ಸಾಲೂ ಇಲ್ಲದಿರುವುದು ಬೇಸರದ ಸಂಗತಿ.

ಬಾಲ್ಯದಲ್ಲೇ ಮದುವೆಯಾಗಿ, ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲೊಪ್ಪದ ಮುಂಬಯಿಯ ರುಖ್ಮಾಬಾಯಿ ಜೈಲಿಗೆ ಹೋದರು ಎಂದಿದೆ. ಹೋಗಲಿಲ್ಲ. 1887ರಲ್ಲಿ ಬಾಂಬೆ ಹೈಕೋರ್ಟ್ ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಸೆರೆ ಎಂದಿತು. ಆಕೆ ಸೆರೆಯೇ ಆಗಲಿ ಎಂದರು. 1888ರಲ್ಲಿ ಗಂಡನಿಗೆ 2000 ರೂಪಾಯಿ ಕೊಟ್ಟು ರಾಜಿಯಾಯಿತು. ಆಮೇಲೆ ಲಂಡನ್ನಿನಲ್ಲಿ ಓದಿ ಡಾಕ್ಟರಾದರು.

47ನೇ ಪುಟದ ತೊಂದರೆ ಬೇರೆ. ಲೈಂಗಿಕ ರೋಗಗಳನ್ನು ತಡೆಯಲೆಂದು ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆ (Contagious Diseases Act) ಭಾರತಕ್ಕೆ ಬಂದದ್ದು 1868ರಲ್ಲಿ, ರದ್ದಾದದ್ದು 1888ರಲ್ಲಿ. ಜೆರಾಕ್ಸಿನ ಮೇಲೆ ಜೆರಾಕ್ಸ್ ತೆಗೆದು 6ರ ಬಾಯಿ ಮುಚ್ಚಿಕೊಂಡು 8 ಆಗಿದೆ. ಹಾಗಾಗಿ ಜಾರಿಯೂ ರದ್ದೂ ಒಂದೇ ವರ್ಷ! ಅದಕ್ಕಿಂತ ಮುಖ್ಯವಾದದ್ದು ಬಿಟ್ಟೇ ಹೋಗಿದೆ: ಹೆಸರು ನೋಂದಾಯಿಸಿ ಬಲವಂತದ ತಪಾಸಣೆಗೆ ಒಳಪಡಿಸಿದ್ದು ವೇಶ್ಯೆಯರನ್ನು ಮಾತ್ರ, ಅವರ ಬಳಿ ಹೋಗುವ ಗಂಡಸರನ್ನಲ್ಲ. ಇಂಗ್ಲೆಂಡಿನಲ್ಲಿ ಸಮಾಜ ಸುಧಾರಕಿ ಜೋಸೆಫಿನ್ ಬಟ್ಲರ್ 1869ರಿಂದ ಹೋರಾಡಿದ್ದು ಇದರ ವಿರುದ್ಧವೇ. ಇದಿಲ್ಲದೆ 10 ಅಂಕದ ಉತ್ತರ ನಿಲ್ಲುವುದಿಲ್ಲ.

ಇನ್ನೊಬ್ಬನ ಹೆಂಡತಿಯ ಸಂಗ ಮಾಡಿದ ಗಂಡಸಿಗೆ ವ್ಯಭಿಚಾರದ ಶಿಕ್ಷೆ ಹೇಳುತ್ತಿದ್ದ ಭಾರತೀಯ ದಂಡ ಸಂಹಿತೆಯ 497ನೇ ಕಲಮನ್ನು ಹೆಣ್ಣಿಗೆ ಕೊಟ್ಟ ರಕ್ಷಣೆ ಎಂದು ಹೊಗಳಿದ್ದಾರೆ. ಅದರಲ್ಲಿ ಹೆಂಡತಿಗೆ ಶಿಕ್ಷೆ ಇರಲಿಲ್ಲ, ನಿಜ. ಆದರೆ ಗಂಡ ಒಪ್ಪಿದ್ದರೆ ಅಪರಾಧವೇ ಇಲ್ಲ. ಮದುವೆಯಾದ ಗಂಡಸು ವಿಧವೆಯ ಸಂಗ ಮಾಡಿದರೂ ಈ ಕಲಮಿನಡಿ ಅಪರಾಧವಿಲ್ಲ, ಅವನ ಹೆಂಡತಿ ದೂರು ಕೊಡುವಂತೆಯೂ ಇಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ತೆಗೆದುಹಾಕಿತು. ನೋಟ್ಸ್‌ನಲ್ಲಿ ಇನ್ನೂ ಜಾರಿಯಲ್ಲಿದೆ.

ಸ್ಪೈರಲ್ ತೂತು ಎಡಗಡೆಯ ಅಕ್ಷರಗಳನ್ನು ನುಂಗುತ್ತದೆ. ಬಿಡಿ ಹಾಳೆಗಳನ್ನೇ ಕೇಳಿ ತಗೊಳ್ಳಿ, ಕಾಸು ಕೊಡುವ ಮೊದಲು 47ನೇ ಪುಟ ತೆರೆದು ನೋಡಿ.