ಪರಿಸರ ವಿಜ್ಞಾನ ಸ್ಪರ್ಧೆಗೆ ತಯಾರಿ: ಪ್ರಶ್ನೆ ಬಿಡಿಸುವುದೋ, ಹೊಳೆ ದಂಡೆಗೆ ಹೋಗುವುದೋ?

ಆರರಿಂದ ಎಂಟನೇ ತರಗತಿಯ ಮಕ್ಕಳು ಹಳೆಯ ಪ್ರಶ್ನೆಗಳನ್ನು ಬಿಡಿಸಿದರೆ ಉತ್ತರ ಹೇಳುವ ವೇಗ ಬರುತ್ತದೆ. ಗಾಳಿಯಲ್ಲಿ ಸಾರಜನಕ ಶೇ. 78, ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದ 1987ರದ್ದು. ಇಂಥವು ಬಾಯಿಗೆ ಬರಲೇಬೇಕು ಅಲ್ವಾ? ಎರಡೇ ವಾರ ಉಳಿದಿದ್ದರೆ ಈ ದಾರಿಯೇ ಸರಿ.

ಆದರೆ 'ಬಿಸಿಲು ಜಾಸ್ತಿಯಾದಾಗ ಮೀನು ಯಾಕೆ ಸತ್ತವು?' ಅಂತ ಕೇಳಿದರೆ ಬಾಯಿಪಾಠ ಕೈ ಕೊಡುತ್ತದೆ. ಅದಕ್ಕೆ ಹೊಳೆ ದಂಡೆಯೇ ಬೇಕು. ನೀರೊಳಗಿನ ಒಂದು ಕಲ್ಲನ್ನು ಎತ್ತಿ, ಬಿಳಿ ತಟ್ಟೆಯಲ್ಲಿ ತೊಳೆಯಿರಿ. ಹೊಟ್ಟೆಯ ಪಕ್ಕದಲ್ಲಿ ಕಿವಿರು ಆಡಿಸುವ, ಸಾಮಾನ್ಯವಾಗಿ ಮೂರು ಎಳೆ ಬಾಲವಿರುವ ಮೇಫ್ಲೈ ಎಂಬ ಕೀಟದ ಮರಿಗಳು ತುಂಬಾ ಕಂಡರೆ ನೀರು ಚೆನ್ನಾಗಿರುವ ಸಾಧ್ಯತೆ ಹೆಚ್ಚು. ಬರೀ ಕೆಂಪು ಹುಳುಗಳೇ ಇದ್ದರೆ ಆಮ್ಲಜನಕ ಕಡಿಮೆ ಇರಬಹುದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಇಳಿಯುತ್ತದೆ. ತಟ್ಟೆ ನೋಡಿದ ಮಗುವಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ಇದಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ. ಆಳವಿಲ್ಲದ ಜಾಗ ಆರಿಸಿ, ದೊಡ್ಡವರು ಜೊತೆಗಿರಲೇಬೇಕು. ಎರಡು ಮೂರು ತಿಂಗಳಿದ್ದರೆ ನನ್ನ ಆಯ್ಕೆ ಹೊಳೆಯೇ. ಪ್ರಶ್ನೆ ಪತ್ರಿಕೆಗಳನ್ನು ಕೊನೆಯ ಎರಡು ವಾರಕ್ಕೆ ಇಟ್ಟುಕೊಳ್ಳಿ.