ಮಣ್ಣಿನ ತೇವ ತೋರಿಸುವ ಮೀಟರ್ ಕೊಳ್ಳುವ ಮೊದಲು ಇದನ್ನು ಓದಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಡಿಕೆ ತೋಟ ಇರುವವರು ದಯವಿಟ್ಟು ಗಮನಿಸಿ. ಮಣ್ಣಿಗೆ ಚುಚ್ಚಿ ತೇವ ನೋಡುವ ಮೀಟರನ್ನು ಮನೆ ಬಾಗಿಲಿಗೇ ತಂದು ಮಾರುತ್ತಾರೆ. ನಮ್ಮ ತೋಟಕ್ಕೆ ಅದರಿಂದ ತುಂಬ ನಷ್ಟವಾಗಿದೆ.

ಬಂದವನು ಬಕೆಟ್ ನೀರಿಗೆ ಅದ್ದಿ ತೋರಿಸಿದ. ಮುಳ್ಳು ಸರ್ರನೆ ಹತ್ತಕ್ಕೆ ಹೋಯಿತು. "ಹಿಮದಲ್ಲಿ ಎಷ್ಟು ನೀರಿದೆ ಅಂತ ಅಳೆಯುವುದೂ ಇದೇ ತಂತ್ರದಲ್ಲಿ" ಎಂದ. ಈ ಮಾತು ಅಪ್ಪಟ ಸುಳ್ಳು. ಫಿನ್ಲೆಂಡಿನ ಸ್ನೋ ಫೋರ್ಕ್‌ನಂಥ ಉಪಕರಣ ರೇಡಿಯೋ ಅಲೆಗಳನ್ನು ಬಳಸಿ ಹಿಮದ ಡೈಎಲೆಕ್ಟ್ರಿಕ್ ಗುಣ, ಅಂದರೆ ಅದು ವಿದ್ಯುತ್ ಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬುದನ್ನು ನೋಡುತ್ತದೆ. ಆ ಅಂಕಿ ಗಾಳಿಗೆ 1, ಮಂಜುಗಡ್ಡೆಗೆ ಸುಮಾರು 3, ನೀರಿಗೆ 80ಕ್ಕೂ ಜಾಸ್ತಿ. ಹಾಗಾಗಿ ಕರಗಿದ ನೀರು ಸ್ವಲ್ಪವಿದ್ದರೂ ಸಿಕ್ಕಿಬೀಳುತ್ತದೆ. ನಮಗೆ ಮಾರಿದ್ದರಲ್ಲಿ ಬ್ಯಾಟರಿಯೇ ಇಲ್ಲ! ಎರಡು ಬೇರೆ ಬೇರೆ ಲೋಹದ ಕಡ್ಡಿ, ಒಂದು ಮುಳ್ಳು. ಒದ್ದೆ ಮಣ್ಣಲ್ಲಿ ಆ ಲೋಹಗಳ ನಡುವೆ ಹುಟ್ಟುವ ಚೂರು ಕರೆಂಟನ್ನಷ್ಟೇ ಅದು ತೋರಿಸುತ್ತದೆ. ಮಣ್ಣಲ್ಲಿ ಉಪ್ಪಿನಂಶ ಜಾಸ್ತಿಯಾದರೂ ಆ ಕರೆಂಟು ಏರುತ್ತದೆ.

ಪೊಟ್ಯಾಷ್ ಗೊಬ್ಬರವೂ ಒಂದು ಉಪ್ಪೇ. ಅದನ್ನು ಹಾಕಿದ್ದ ಕೆಳಗಿನ ತೋಟದಲ್ಲಿ ಮುಳ್ಳು ಯಾವಾಗಲೂ 'ಒದ್ದೆ' ಎಂದೇ ನಿಂತಿತು. ಅದನ್ನು ನಂಬಿ ಕೆಲಸದವರು ನೀರು ತಡ ಮಾಡಿದರು. ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಬೇಕು ಎಂದು ನಮ್ಮ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುತ್ತದೆ. ಆ ಉರಿಬಿಸಿಲಲ್ಲೇ ನೀರು ತಪ್ಪಿತು. ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗಿತು, ನಳ್ಳಿ (ಎಳೆ ಕಾಯಿ) ರಾಶಿ ರಾಶಿ ಉದುರಿತು. ಮೇಲಿನ ತಟ್ಟಿನ ಮುರಕಲ್ಲಿನ ಮಣ್ಣಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಜಲ್ಲಿ ಜಾಸ್ತಿ, ಕಡ್ಡಿಗೆ ಮಣ್ಣು ಸರಿಯಾಗಿ ತಾಗುವುದೇ ಇಲ್ಲ. ಎಷ್ಟು ನೀರು ಬಿಟ್ಟರೂ 'ಒಣ'. ಸುರಂಗದ (ಗುಡ್ಡಕ್ಕೆ ಅಡ್ಡ ಕೊರೆದ ನೀರಿನ ಬಿಲದ) ನೀರು ತುಂಬುವ ಟ್ಯಾಂಕಿ ಸುಮ್ನೆ ಖಾಲಿಯಾಯಿತು. ಬೇಸಿಗೆಯಲ್ಲಿ ಸುರಂಗದ ನೀರಿನ ಬೆಲೆ ನಮ್ಮವರಿಗೆ ಬೇರೆ ಹೇಳಬೇಕಾ?

ಮಾರಿದವನಿಗೆ ಫೋನ್ ಮಾಡಿದರೆ "ಇನ್ನೂ ಆಳಕ್ಕೆ ಚುಚ್ಚಿ" ಎಂದ. ಆಮೇಲೆ ಫೋನ್ ಎತ್ತಲಿಲ್ಲ.

ಅಸಲಿಗೆ ತೇವ ತಿಳಿಯಲು ನಂಬಬಹುದಾದ ದಾರಿ ತೂಕ. ಹಿಮದಲ್ಲಿರುವ ಒಟ್ಟು ನೀರು ತಿಳಿಯಲು ಕೂಡ ಉದ್ದ ಕೊಳವೆಯನ್ನು ನೆಲದವರೆಗೆ ಇಳಿಸಿ, ಒಳಗೆ ತುಂಬಿದ ಹಿಮವನ್ನು ತೂಗುತ್ತಾರೆ. ಅಮೆರಿಕದ ನೆವಾಡದಲ್ಲಿ ಜೇಮ್ಸ್ ಚರ್ಚ್ ಎಂಬವರು 20ನೇ ಶತಮಾನದ ಆರಂಭದಲ್ಲಿ ಬಳಕೆಗೆ ತಂದ ಈ ಕ್ರಮ ಇವತ್ತಿಗೂ ಇದೆ. ಮಣ್ಣಿಗೂ ಹಾಗೆಯೇ. ಬುಡದಿಂದ ಒಂದು ಅಡಿ ಆಳದ ಮಣ್ಣು ತೆಗೆದು ತೂಗಿ, ಒಣಗಿಸಿ, ಮತ್ತೆ ತೂಗಿ. ಲ್ಯಾಬಿನಲ್ಲಿ 105 ಡಿಗ್ರಿಯಲ್ಲಿ 24 ಗಂಟೆ ಇಡುತ್ತಾರೆ. 100 ಗ್ರಾಂ ಮಣ್ಣು 88ಕ್ಕೆ ಇಳಿದರೆ 12 ಗ್ರಾಂ ನೀರಿತ್ತು, ಅಂದರೆ ಒಣ ಮಣ್ಣಿನ ಸುಮಾರು 13.6 ಶೇಕಡಾ.

ಉಪಕರಣವೇ ಬೇಕಿದ್ದರೆ ಟೆನ್ಸಿಯೋಮೀಟರ್ ನೋಡಿ. ಮಣ್ಣು ನೀರನ್ನು ಎಷ್ಟು ಬಲವಾಗಿ ಹಿಡಿದಿಟ್ಟಿದೆ ಎಂದು ಅದು ತೋರಿಸುತ್ತದೆ. ಅದಕ್ಕೆ ಉಪ್ಪಿನ ಕಾಟವಿಲ್ಲ. ಆದರೆ ಕೊಳವೆಯಲ್ಲಿ ನೀರು ತುಂಬಿರಬೇಕು, ತುದಿಯ ಪಿಂಗಾಣಿ ಬಟ್ಟಲು ಮಣ್ಣಿಗೆ ಗಟ್ಟಿಯಾಗಿ ಅಂಟಿರಬೇಕು. ಯಾವ ಮೀಟರ್ ಆದರೂ ಬಕೆಟಿನಲ್ಲಿ ಅದ್ದಿ ತೋರಿಸಿದರೆ ಒಪ್ಪಬೇಡಿ. ನಿಮ್ಮದೇ ತೋಟದಲ್ಲಿ, ಗೊಬ್ಬರ ಹಾಕಿದ ಬುಡದಲ್ಲಿ ಮತ್ತು ಹಾಕದ ಬುಡದಲ್ಲಿ ಚುಚ್ಚಿಸಿ ನೋಡಿ. ಬಿಲ್ಲಿಲ್ಲದೆ ಹಣ ಕೊಡಬೇಡಿ. ನಮ್ಮಲ್ಲಿ ಈಗ ದೂರು ಕೊಡಲು ಒಂದು ಚೀಟಿಯೂ ಇಲ್ಲ.