ಒಂದು ರಿಮೋಟ್, ಒಂದು ಗಾಗಲ್, ಮೂರು ಎಫ್‌ಪಿವಿ ಡ್ರೋನ್: ಎರಡು ವರ್ಷದ ಬಳಕೆಯ ಮೇಲೆ

ರೇಡಿಯೊಮಾಸ್ಟರ್ ಬಾಕ್ಸರ್ ರಿಮೋಟ್, ಅದರೊಳಗೆ 2.4 ಗಿಗಾಹರ್ಟ್ಜ್‌ನ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ (ಇಎಲ್‌ಆರ್‌ಎಸ್), ಅಂದರೆ ರಿಮೋಟಿನ ಆಜ್ಞೆಯನ್ನು ಡ್ರೋನಿನ ರಿಸೀವರಿಗೆ ಮುಟ್ಟಿಸುವ ರೇಡಿಯೊ ವ್ಯವಸ್ಥೆ. ಕಣ್ಣಿಗೆ 5.8 ಗಿಗಾಹರ್ಟ್ಜ್‌ನ ಅನಲಾಗ್ ಗಾಗಲ್. ಡ್ರೋನಿನ ಕ್ಯಾಮೆರಾ ಕಂಡದ್ದನ್ನು ಇದರಲ್ಲಿ ನೋಡುತ್ತಾ ಹಾರಿಸುವುದೇ ಎಫ್‌ಪಿವಿ. ಇಷ್ಟರಲ್ಲೇ ಮೂರು ಡ್ರೋನ್ ಹಾರುತ್ತಿವೆ: ಮನೆಯೊಳಗೆ ಸುತ್ತಲು 65 ಮಿಲಿಮೀಟರಿನ 1ಎಸ್ ವೂಪ್ (ರೆಕ್ಕೆ, ಅಂದರೆ ಪ್ರೊಪೆಲ್ಲರ್, ಸುತ್ತ ಬಳೆಯಿರುವ ಪುಟ್ಟ ಡ್ರೋನ್), ವಿಡಿಯೊಗೆ ಮೂರೂವರೆ ಇಂಚಿನ 4ಎಸ್ ಸಿನೆವೂಪ್, ಬಯಲಿಗೆ 5 ಇಂಚಿನ 6ಎಸ್. ‘ಎಸ್’ ಜತೆಗಿರುವ ಅಂಕಿ ಬ್ಯಾಟರಿಯ ಸೆಲ್‌ಗಳ ಸಂಖ್ಯೆ. ರಿಮೋಟಿನ ತೂಕ, ಸ್ಕ್ರೀನು, ಗಿಂಬಲ್ ಬಗ್ಗೆ ಎಲ್ಲರೂ ಓದಿರುತ್ತೀರಿ, ಅದನ್ನು ಬಿಡೋಣ. ಡ್ರೋನ್ ಎರಡಾದ ದಿನದಿಂದ ನಿಜವಾಗಿ ಮುಖ್ಯವಾಗುವುದು ಮಾಡೆಲ್ ಮ್ಯಾಚ್, ಅಂದರೆ ರಿಮೋಟಿನಲ್ಲಿ ಆರಿಸಿದ ಡ್ರೋನ್ ಮಾತ್ರ ಅದರ ಮಾತು ಕೇಳುವಂತೆ ಮಾಡುವ ಸೌಲಭ್ಯ. ಅದರ ಬಗ್ಗೆ ಯಾರೂ ಒತ್ತಿ ಹೇಳುವುದಿಲ್ಲ.

ಮೊದಲು ಖುಷಿಯ ಮಾತು. ರಿಮೋಟಿಗೂ ಮೂರು ರಿಸೀವರ್‌ಗಳಿಗೂ ಒಂದೇ ಬೈಂಡಿಂಗ್ ಫ್ರೇಸ್ (ಎರಡನ್ನೂ ಜೋಡಿಸುವ ಗುಟ್ಟಿನ ಪದ) ಕೊಟ್ಟುಬಿಟ್ಟರೆ ಆಮೇಲೆ ಬೈಂಡ್ ಬಟನ್ ಹುಡುಕುವ ಕೆಲಸವೇ ಇಲ್ಲ. ಬ್ಯಾಟರಿ ಚುಚ್ಚಿದ ಕ್ಷಣಕ್ಕೆ ಡ್ರೋನ್ ಸಿಕ್ಕಿಬಿಡುತ್ತದೆ. ವೂಪಿನ ಬೋರ್ಡಿನಲ್ಲಿ ಆ ಬಟನ್ ಸಾಸಿವೆ ಕಾಳಿನಷ್ಟಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಹಾಗಾಗಿ ಈ ಅನುಕೂಲ ದೊಡ್ಡದು.

ಅಪಾಯ ಇರುವುದೂ ಈ ಅನುಕೂಲದಲ್ಲೇ. ಮಾಡೆಲ್ ಮ್ಯಾಚ್ ಆಫ್ ಇದ್ದರೆ, ಒಂದೇ ಫ್ರೇಸ್ ಇರುವ ಯಾವ ರಿಸೀವರ್ ಆದರೂ ಈ ರಿಮೋಟಿನ ಮಾತು ಕೇಳುತ್ತದೆ. ಮೇಜಿನ ಮೇಲೆ 5 ಇಂಚಿನದು ಯುಎಸ್‌ಬಿಗೆ, ಬ್ಯಾಟರಿಗೆ ಸಿಕ್ಕಿಸಿಕೊಂಡು ಕೂತಿದೆ, ಕೈಯಲ್ಲಿ ವೂಪ್ ಇದೆ ಎನ್ನಿ. ಮೋಟಾರ್ ಚಾಲೂ ಮಾಡುವ ಆರ್ಮ್ ಸ್ವಿಚ್ ಎಳೆದರೆ ಎರಡಕ್ಕೂ ಒಂದೇ ಆಜ್ಞೆ ಹೋಗುತ್ತದೆ. 6ಎಸ್ ಮೋಟಾರಿಗೆ ರೆಕ್ಕೆ ಹಾಕಿದ್ದರೆ ಬೆರಳು ಉಳಿಯುವುದಿಲ್ಲ. ಡಬ್ಬಿಯಿಂದ ಬಂದಾಗ ಈ ಸೌಲಭ್ಯ ಆಫ್ ಇರುತ್ತದೆ ಎನ್ನುವುದೇ ಬೇಸರದ ಸಂಗತಿ.

ಸರಿಮಾಡಲು ಹತ್ತು ನಿಮಿಷ ಸಾಕು. ಮೂರೂ ಡ್ರೋನಿನ ರೆಕ್ಕೆ ಬಿಚ್ಚಿ. ರಿಮೋಟಿನ ತಂತ್ರಾಂಶ ಎಡ್ಜ್‌ಟಿಎಕ್ಸ್‌ನಲ್ಲಿ ಪ್ರತಿ ಡ್ರೋನಿಗೂ ಒಂದೊಂದು ಮಾಡೆಲ್ (ಆ ಡ್ರೋನಿನ ಸೆಟ್ಟಿಂಗ್‌ಗಳ ಕಟ್ಟು) ಮಾಡಿ, ಮಾಡೆಲ್ ಸೆಟಪ್ ಪುಟದಲ್ಲಿ ಇಂಟರ್ನಲ್ ಆರ್‌ಎಫ್ ಕೆಳಗಿನ ರಿಸೀವರ್ ನಂಬರ್ ಬೇರೆಬೇರೆ ಕೊಡಿ: ವೂಪಿಗೆ 1, ಸಿನೆವೂಪಿಗೆ 2, ದೊಡ್ಡದಕ್ಕೆ 3. ಈಗ ವೂಪಿನ ಮಾಡೆಲ್ ಆರಿಸಿ, ವೂಪ್ ಒಂದಕ್ಕೇ ಬ್ಯಾಟರಿ ಹಾಕಿ, ಟೂಲ್ಸ್‌ನಲ್ಲಿ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಲುವಾ ಎಂಬ ಸೆಟ್ಟಿಂಗ್ ಪುಟ ತೆರೆಯಿರಿ. ಮೇಲೆ ಬಲ ಮೂಲೆಯಲ್ಲಿ ಸಂಪರ್ಕ ಸಿಕ್ಕಿತೆಂದು ತೋರಿಸುವ ‘ಸಿ’ ಅಕ್ಷರ ಬಂದ ಮೇಲೆ ಮಾಡೆಲ್ ಮ್ಯಾಚ್ ಆನ್ ಮಾಡಿ. ಆ ನಂಬರ್ ರಿಸೀವರಿನೊಳಗೆ ಬರೆದುಕೊಳ್ಳುತ್ತದೆ. ಉಳಿದೆರಡಕ್ಕೂ ಹೀಗೇ.

ಮಾಡಿದ್ದು ಸರಿಯೇ ಎಂದು ನೋಡುವ ಬಗೆ: 3ನೇ ಮಾಡೆಲ್ ಇಟ್ಟುಕೊಂಡು ವೂಪಿಗೆ ಬ್ಯಾಟರಿ ಹಾಕಿ. ರಿಸೀವರಿನ ದೀಪ ಮೂರು ಸಲ ಮಿಣುಕಿ ನಿಲ್ಲುತ್ತದೆ, ಮತ್ತೆ ಮೂರು ಸಲ. ಡ್ರೋನಿನೊಳಗಿನ ತಂತ್ರಾಂಶ ಬೀಟಾಫ್ಲೈಟಿನ ರಿಸೀವರ್ ಪುಟದಲ್ಲಿ ಸ್ಟಿಕ್ ಎಷ್ಟು ತಿರುವಿದರೂ ಪಟ್ಟಿ ಅಲುಗಬಾರದು. ಎರಡು ಸಲ ಮಿಣುಕಿದರೆ ಅದು ಬೈಂಡ್ ಮೋಡ್, ಅದನ್ನು ಇದಕ್ಕೆ ಬೆರೆಸಿಕೊಳ್ಳಬೇಡಿ. ಹೀಗೆ ಮಾಡಿದ ಮೇಲೂ ಎರಡು ಡ್ರೋನ್ ಒಟ್ಟಿಗೆ ಆನ್ ಇಡುವುದು ಬೇಡ. ಹೊಂದದ ರಿಸೀವರ್ ಮೋಟಾರ್ ತಿರುಗಿಸುವುದಿಲ್ಲ ನಿಜ, ಆದರೆ ಎರಡರ ಟೆಲಿಮೆಟ್ರಿಯೂ (ಡ್ರೋನ್ ರಿಮೋಟಿಗೆ ಕಳಿಸುವ ಮಾಹಿತಿ) ಒಂದೇ ಹೊತ್ತಿಗೆ ಬಂದು ಡಿಕ್ಕಿ ಹೊಡೆಯುತ್ತದೆ, ರಿಮೋಟ್ ‘ಟೆಲಿಮೆಟ್ರಿ ಲಾಸ್ಟ್’ ಎಂದು ಒದರುತ್ತಿರುತ್ತದೆ.

ಹೊಸ ಡ್ರೋನಿಗೆ ಹಳೇ ಮಾಡೆಲನ್ನೇ ಕಾಪಿ ಮಾಡುವುದು ಎಲ್ಲರ ರೂಢಿ, ಅದು ಒಳ್ಳೆಯದೇ. ಆದರೆ ಕಾಪಿ ಆದ ಕೂಡಲೇ ಎರಡು ಜಾಗ ನೋಡಲೇಬೇಕು. ಒಂದು, ರಿಸೀವರ್ ನಂಬರ್. ಪ್ಯಾಕೆಟ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಆಜ್ಞೆ ಹೋಗಬೇಕೆನ್ನುವುದು), ಟೆಲಿಮೆಟ್ರಿ ಅನುಪಾತ, ಪವರ್ ಎಲ್ಲವನ್ನೂ ಇಎಲ್‌ಆರ್‌ಎಸ್ ಈ ನಂಬರಿನ ಹೆಸರಲ್ಲೇ ಇಟ್ಟುಕೊಳ್ಳುತ್ತದೆ. ಎರಡು ಮಾಡೆಲಿಗೆ ಒಂದೇ ನಂಬರ್ ಉಳಿದರೆ, ವೂಪಿಗೆಂದು ಇಳಿಸಿದ ಪವರ್ ದೊಡ್ಡ ಡ್ರೋನಿಗೂ ಇಳಿದಿರುತ್ತದೆ. ಇನ್ನೊಂದು, ವೋಲ್ಟೇಜ್ ಅಲಾರಂ. 6ಎಸ್ ಮಾಡೆಲಿನಲ್ಲಿ ಆರ್‌ಎಕ್ಸ್‌ಬಿಟಿ (ಡ್ರೋನಿನ ಬ್ಯಾಟರಿ ವೋಲ್ಟೇಜ್) 21.0ಕ್ಕಿಂತ ಕೆಳಗಿಳಿದರೆ ಕೂಗು ಎಂದು ಲಾಜಿಕಲ್ ಸ್ವಿಚ್ ಇಟ್ಟಿರುತ್ತೀರಿ. ಅದನ್ನು 1ಎಸ್‌ಗೆ ಕಾಪಿ ಮಾಡಿದರೆ ಮೊದಲ ಕ್ಷಣದಿಂದಲೇ ಕೂಗಾಟ, ಅದು ಗೊತ್ತಾಗುತ್ತದೆ. ತಿರುಗುಮುರುಗು ಆದರೆ ಗೊತ್ತಾಗುವುದಿಲ್ಲ. 3.3 ವೋಲ್ಟಿನ ಮಿತಿ 6ಎಸ್ ಬ್ಯಾಟರಿಗೆ ಎಂದೂ ತಾಗದು, ಅಲಾರಂ ಸುಮ್ಮನಿರುತ್ತದೆ, ಪ್ಯಾಕ್ ಸತ್ತೇ ಕೆಳಗೆ ಬೀಳುತ್ತದೆ. 1ಎಸ್‌ಗೆ 3.3, 4ಎಸ್‌ಗೆ 14.0, 6ಎಸ್‌ಗೆ 21.0, ಜತೆಗೆ ಒಂದೂವರೆ ಸೆಕೆಂಡ್ ಡಿಲೇ. ಥ್ರಾಟಲ್ ಒಮ್ಮೆ ಜೋರಾಗಿ ಕೊಟ್ಟಾಗ ವೋಲ್ಟೇಜ್ ಕ್ಷಣಕಾಲ ಕುಸಿಯುವುದಕ್ಕೆಲ್ಲ ಕೂಗಬಾರದಲ್ಲ.

ಸ್ಟಿಕ್ಕಿಗೆ ಡ್ರೋನ್ ಎಷ್ಟು ಚುರುಕಾಗಿ ತಿರುಗಬೇಕೆಂದು ಹೇಳುವ ರೇಟ್ಸ್, ಎಕ್ಸ್‌ಪೋ ಯಾವುದನ್ನೂ ರಿಮೋಟಿನಲ್ಲಿ ಮುಟ್ಟಬೇಡಿ. ಎಲ್ಲ ಚಾನೆಲ್ 100 ವೇಯ್ಟ್, ಅಷ್ಟೇ. ಸ್ಟಿಕ್ 988ರಿಂದ 2012ರವರೆಗೆ ಹೋಗಿ ನಡುವೆ 1500ಕ್ಕೆ ನಿಂತರೆ ಸಾಕು. ಡ್ರೋನಿನಿಂದ ಡ್ರೋನಿಗೆ ಬೇಕಾದ ವ್ಯತ್ಯಾಸವೆಲ್ಲ ಬೀಟಾಫ್ಲೈಟಿನಲ್ಲಿ. ಆರ್ಮ್ ಮೂರರಲ್ಲೂ ಆಕ್ಸ್1 ಚಾನೆಲ್, ಎರಡೇ ಸ್ಥಾನದ ಸ್ವಿಚ್, ಅದೇ ಬೆರಳು. ಟರ್ಟಲ್ (ಮಗುಚಿ ಬಿದ್ದ ಡ್ರೋನನ್ನು ಹೊರಳಿಸುವುದು), ಬೀಪರ್ (ಬಿದ್ದ ಡ್ರೋನನ್ನು ಕೂಗಿಸುವುದು) ಕೂಡ ಜಾಗ ಬದಲಿಸಬಾರದು. ಗಾಗಲ್ ಹಾಕಿದ ಮೇಲೆ ಸ್ವಿಚ್ ಕಾಣುವುದಿಲ್ಲ, ಬೆರಳಿನ ನೆನಪೇ ಆಧಾರ.

ಹಾರಿಸುವ ಮೊದಲಿನ ಕ್ರಮ ದಿನಾ ಒಂದೇ, ಈ ಎರಡು ನಿಮಿಷ ನನಗೆ ಬಹಳ ಪ್ರಿಯ. ಮೊದಲು ರಿಮೋಟ್ ಆನ್. ಮಾಡೆಲ್ ತೆರೆದಾಗ ಅದರ ಹೆಸರು ಒಮ್ಮೆ ಕೇಳುವಂತೆ ಸ್ಪೆಷಲ್ ಫಂಕ್ಷನ್‌ನಲ್ಲಿ ಪ್ಲೇ ಟ್ರ್ಯಾಕ್ ಇಟ್ಟಿದೆ. ‘ವೂಪು’, ‘ಸಿನೆಮಾ’, ‘ದೊಡ್ಡದು’ ಎಂದು ಕನ್ನಡದಲ್ಲೇ ರೆಕಾರ್ಡ್ ಮಾಡಿದ ಧ್ವನಿ. ಕಣ್ಣು ಬೇರೆಡೆ ಇದ್ದರೂ ಕಿವಿ ಹಿಡಿದುಕೊಳ್ಳುತ್ತದೆ. ಆಮೇಲೆ ಗಾಗಲ್‌ಗೆ ಬ್ಯಾಟರಿ, ಫ್ಯಾನ್ ಆನ್, ಲೆನ್ಸಿಗೆ ಮೈಕ್ರೋಫೈಬರ್ ಬಟ್ಟೆಯ ಒಂದು ಸುತ್ತು. ಮಳೆಗಾಲದ ಬೆಳಗಿನಲ್ಲಿ ಫ್ಯಾನ್ ಮರೆತರೆ ಲೆನ್ಸ್ ಮೇಲೆ ಮಂಜು ಕೂತೇ ಕೂರುತ್ತದೆ. ಚಾನೆಲ್ ಖಾಲಿಯಿದೆಯೇ, ಪಕ್ಕದಲ್ಲಿ ಹಾರಿಸುವವರ ಚಿತ್ರ ಬರುತ್ತಿದೆಯೇ ಎಂದು ಒಮ್ಮೆ ನೋಡಿ, ಕಟ್ಟಕಡೆಗೆ ಡ್ರೋನಿನ ಬ್ಯಾಟರಿ. ಕ್ರಮ ಉಲ್ಟಾ ಆದರೆ 60 ಸೆಕೆಂಡಿನಲ್ಲಿ ರಿಸೀವರ್ ವೈಫೈ ಮೋಡಿಗೆ ಹೋಗುತ್ತದೆ, ಬ್ಯಾಟರಿ ಬಿಚ್ಚಿ ಮತ್ತೆ ಹಾಕಬೇಕು. ಅಷ್ಟು ಹೊತ್ತು ಗಾಳಿಯಿಲ್ಲದೆ ವಿಡಿಯೊ ಟ್ರಾನ್ಸ್‌ಮಿಟರ್ ಬಿಸಿಯಾಗುತ್ತಿರುವುದು ಬೇರೆ. ಮುಗಿಸುವಾಗ ಡ್ರೋನ್ ಮೊದಲು, ರಿಮೋಟ್ ಕೊನೆಗೆ. ಗಾಗಲ್ ತೆಗೆದಿಡುವಾಗ ಲೆನ್ಸ್ ಬಿಸಿಲಿಗೆ ಮುಖ ಮಾಡಬಾರದು, ಭೂತಗನ್ನಡಿಯ ಹಾಗೆ ಒಳಗಿನ ಸ್ಕ್ರೀನ್ ಸುಡುತ್ತದೆ.

ಅನಲಾಗ್ ಗಾಗಲ್‌ಗೆ ಬೈಂಡಿಂಗ್ ಎನ್ನುವುದೇ ಇಲ್ಲ, ಎಫ್‌ಎಂ ರೇಡಿಯೊ ಥರ. ಮೂರೂ ಡ್ರೋನ್ ರೇಸ್‌ಬ್ಯಾಂಡ್ ಎಂಬ ಚಾನೆಲ್ ಗುಂಪಿನ 4ರಲ್ಲಿ, ಅಂದರೆ 5769 ಮೆಗಾಹರ್ಟ್ಜ್‌ನಲ್ಲಿವೆ, ಗಾಗಲ್ ಚಾನೆಲ್ ಮುಟ್ಟುವುದೇ ಇಲ್ಲ. ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ ಪಟ್ಟಿ 5875ಕ್ಕೆ ಮುಗಿಯುತ್ತದೆ. ರೇಸ್‌ಬ್ಯಾಂಡ್ 7 ಇರುವುದು 5880ರಲ್ಲಿ, 8 ಇರುವುದು 5917ರಲ್ಲಿ. ಅವೆರಡನ್ನು ಬಿಟ್ಟುಬಿಡಿ. ಬೀಟಾಫ್ಲೈಟ್ ಹೊಸದಾಗಿ ಫ್ಲ್ಯಾಶ್ ಮಾಡಿದ ಮೇಲೆ ವಿಟಿಎಕ್ಸ್ (ವಿಡಿಯೊ ಟ್ರಾನ್ಸ್‌ಮಿಟರ್) ಟೇಬಲ್ ಖಾಲಿಯಾಗಿರುತ್ತದೆ. ಮತ್ತೆ ತುಂಬದಿದ್ದರೆ ಚಾನೆಲ್ ಬದಲಿಸಲು ಆಗುವುದಿಲ್ಲ.

ಚಿತ್ರ ಒಂದರಲ್ಲಿ ಚೆನ್ನಾಗಿ ಬಂದು ಇನ್ನೊಂದರಲ್ಲಿ ಐವತ್ತು ಮೀಟರಿಗೇ ಚೂರುಚೂರಾಗುತ್ತಿದ್ದರೆ ಗಾಗಲ್ ಬೈಯಬೇಡಿ, ಆಂಟೆನಾ ನೋಡಿ. ಗಾಗಲ್‌ನದು ಆರ್‌ಎಚ್‌ಸಿಪಿ (ಅಲೆ ಬಲಕ್ಕೆ ಸುತ್ತುವ ಬಗೆ), ಡ್ರೋನಿನದು ಎಲ್‌ಎಚ್‌ಸಿಪಿ (ಎಡಕ್ಕೆ ಸುತ್ತುವ ಬಗೆ) ಆಗಿದ್ದರೆ ಸುಮಾರು 20 ಡೆಸಿಬೆಲ್ ನಷ್ಟ, ಅಂದರೆ ನೂರರಲ್ಲಿ ಒಂದು ಪಾಲು ಮಾತ್ರ ಮುಟ್ಟುತ್ತದೆ. ವೂಪಿನ ತಂತಿ ಆಂಟೆನಾಗೆ ಯಾವ ಕಡೆಯಾದರೂ 3 ಡೆಸಿಬೆಲ್, ಅರ್ಧ, ಹೋಗುತ್ತದೆ. ಮನೆಯೊಳಗೆ ಅದು ಲೆಕ್ಕಕ್ಕಿಲ್ಲ. ಇನ್ನೊಂದು ಕಾಟ, ಒಂದು ಡ್ರೋನಿನ ಕ್ಯಾಮೆರಾ ಪಾಲ್, ಇನ್ನೊಂದರದು ಎನ್‌ಟಿಎಸ್‌ಸಿ (ಇವು ಎರಡು ವಿಡಿಯೊ ಪದ್ಧತಿಗಳು) ಇದ್ದರೆ ಪರದೆಯ ಮೇಲಿನ ಅಕ್ಷರ. ಪಾಲ್‌ನಲ್ಲಿ 16 ಸಾಲು, ಎನ್‌ಟಿಎಸ್‌ಸಿಯಲ್ಲಿ 13. ಕೊನೆಯ ಸಾಲಿನಲ್ಲಿಟ್ಟ ವೋಲ್ಟೇಜ್ ಎನ್‌ಟಿಎಸ್‌ಸಿಯಲ್ಲಿ ಮಾಯ. ಮೂರರಲ್ಲೂ ಮೊದಲ 13 ಸಾಲಿನೊಳಗೇ ಇಡಿ.

ಡಿಜಿಟಲ್‌ಗೆ ಹೋದರೆ ಈ ಸಲೀಸು ಸಿಗುವುದಿಲ್ಲ. ಡಿಜೆಐ, ವಾಕ್‌ಸ್ನೇಲ್, ಎಚ್‌ಡಿಝೀರೊ ಒಂದರ ಚಿತ್ರ ಇನ್ನೊಂದಕ್ಕೆ ಕಾಣದು. ಒಂದು ಗಾಗಲ್ ಎಂದರೆ ಮೂರು ಡ್ರೋನಿಗೂ ಅದೇ ಕಂಪನಿಯ ವಿಡಿಯೊ ಘಟಕ, ವೂಪಿಗಂತೂ ಡ್ರೋನಿಗಿಂತ ಅದರ ಬೆಲೆಯೇ ಭಾರ. ಚಿತ್ರ ನೀರಿನಷ್ಟು ತಿಳಿ ಎನ್ನುವುದು ಒಪ್ಪತಕ್ಕದ್ದೇ. ವಿಡಿಯೊ ಮಾರಿ ದುಡಿಯುವವರಿಗೆ ಅದು ಸರಿ. ವಾರಕ್ಕೆ ನಾಲ್ಕು ಪ್ಯಾಕ್ ಹಾರಿಸುವ ಬಜೆಟ್ಟಿಗೆ ಅನಲಾಗ್ ಸಾಕು.

ನಾಲ್ಕನೆಯದನ್ನು ಕೊಳ್ಳುವಾಗ ಕೇಳಬೇಕಾದ್ದು ಇಎಲ್‌ಆರ್‌ಎಸ್ ಆವೃತ್ತಿ. ರಿಮೋಟ್ 3ರಲ್ಲಿದ್ದು ರಿಸೀವರ್ 2ರಲ್ಲಿದ್ದರೆ ಎರಡೂ ಮಾತಾಡುವುದಿಲ್ಲ. ರಿಸೀವರ್ ಫ್ಲೈಟ್ ಬೋರ್ಡಿಗೇ ಸೇರಿಕೊಂಡಿರುವ ಎಸ್‌ಪಿಐ ಬಗೆಯ ಹಳೇ ವೂಪ್ ಆಗಿದ್ದರೆ, ಬೀಟಾಫ್ಲೈಟ್ 4.3ರಲ್ಲಿ ಅದು ಆವೃತ್ತಿ 2ರದ್ದು. 4.4ಕ್ಕೆ ಏರಿಸಿದರೆ 3ಕ್ಕೆ ಹೊಂದುತ್ತದೆ. ಏರಿಸುವ ಮೊದಲು ಬೀಟಾಫ್ಲೈಟಿಗೆ ‘ಡಿಫ್ ಆಲ್’ ಆಜ್ಞೆ ಕೊಟ್ಟು ಹಳೇ ಸೆಟ್ಟಿಂಗ್ ಉಳಿಸಿಟ್ಟುಕೊಳ್ಳಿ.